‘ಸ್ಕ್ಯಾನಿಂಗ್ ಮಾಡೋರಿಗೆ ಪಗಾರ ಎಷ್ಟಕ್ಕ?’

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಈ ಪ್ರಶ್ನೆ ನನಗೆ ತಪ್ಪುವುದಿಲ್ಲ. ಹೊಸಪೇಟೆ–ಬಳ್ಳಾರಿ ಹೆದ್ದಾರಿಯ ನಮ್ಮ ಪಾಪಿನಾಯಕನಹಳ್ಳಿಯಲ್ಲಿ ಮೆಡಿಕಲ್ ಇಮೇಜಿಂಗ್ ಓದಿದವರು ಬೆರಳೆಣಿಕೆಯಷ್ಟು ಜನ. ಹಾಗಾಗಿ ಬಸ್ಸಿನಲ್ಲಿ, ಕಿರಾಣಿ ಅಂಗಡಿ ಮುಂದೆ, ಮದುವೆ ಮನೆಯಲ್ಲಿ ಯಾರಾದರೊಬ್ಬರು ಹಿಡಿದು ನಿಲ್ಲಿಸುತ್ತಾರೆ. ಕೇಳುವವರು ಮೊಬೈಲ್‌ನಲ್ಲಿ ಆಗಲೇ ಹುಡುಕಿರುತ್ತಾರೆ. ಅಲ್ಲಿ ಕಂಡ ಅಂಕಿಯೂ ಅವರ ಬಾಯಲ್ಲಿರುತ್ತದೆ: ‘ವರ್ಷಕ್ಕೆ 70 ಲಕ್ಷ ಅಂತ ಐತಲ್ಲಕ್ಕ, ಖರೇನಾ?’

ಖರೆ, ಆದರೆ ಅಮೆರಿಕದಲ್ಲಿ. ನಮ್ಮಲ್ಲಿ ಆ ಅಂಕಿಯಷ್ಟೇ ಅಲ್ಲ, ಆ ಕೆಲಸವೇ ಬೇರೆ. ಪ್ಯಾರಾಮೆಡಿಕಲ್ ಕೋರ್ಸ್ ಸೇರಲು ಹೊರಟವರಿಗೆ ಇದನ್ನು ಸೇರುವ ಮೊದಲೇ ಯಾರಾದರೂ ಬಿಡಿಸಿ ಹೇಳಬೇಕು. ನಾಲ್ಕು ವರ್ಷದಿಂದ ಹೊಸಪೇಟೆಯ ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ ದುಡಿಯುತ್ತಿರುವ ನಾನು ಇಲ್ಲಿ ಮಾಡುತ್ತಿರುವುದು ಅಷ್ಟೇ.

70 ಲಕ್ಷ ಎಲ್ಲಿಂದ ಬಂತು?

ಅಮೆರಿಕದ ಕಾರ್ಮಿಕ ಇಲಾಖೆ ಪ್ರತಿವರ್ಷ ಉದ್ಯೋಗವಾರು ಸಂಬಳದ ಲೆಕ್ಕ ಪ್ರಕಟಿಸುತ್ತದೆ. 2023ರ ಮೇ ತಿಂಗಳ ಲೆಕ್ಕದ ಪ್ರಕಾರ ಅಲ್ಲಿನ ಮೆಡಿಕಲ್ ಸೋನೋಗ್ರಾಫರ್‌ಗಳ ಮಧ್ಯಮ ವಾರ್ಷಿಕ ಸಂಬಳ 84,470 ಡಾಲರ್. ಅಂದರೆ ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಪಡೆಯುತ್ತಾರೆ, ಇನ್ನರ್ಧ ಜನ ಕಡಿಮೆ. ರೂಪಾಯಿಗೆ ತಿರುಗಿಸಿದರೆ ಸುಮಾರು 70 ಲಕ್ಷ. ಅಲ್ಲಿನ ಬಾಡಿಗೆ, ತೆರಿಗೆ, ವಿಮೆಯ ಖರ್ಚನ್ನು ಮಾತ್ರ ಯಾರೂ ರೂಪಾಯಿಗೆ ತಿರುಗಿಸಿ ನೋಡುವುದಿಲ್ಲ.

ಆ ಸಂಬಳಕ್ಕೆ ಕಾರಣವಿದೆ. ಅಲ್ಲಿ ಸೋನೋಗ್ರಾಫರ್ ಎಂದರೆ ಎರಡರಿಂದ ನಾಲ್ಕು ವರ್ಷ ಅದನ್ನೇ ಓದಿ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆದ ವ್ಯಕ್ತಿ. ರೋಗಿಯ ಹೊಟ್ಟೆಯ ಮೇಲೆ ಪ್ರೋಬ್ ಹಿಡಿದು ಪೂರ್ತಿ ಸ್ಕ್ಯಾನ್ ಮಾಡುವುದು ಅವರೇ. ರೇಡಿಯಾಲಜಿಸ್ಟ್ ವೈದ್ಯರು ಆ ಚಿತ್ರಗಳನ್ನು ನೋಡಿ ವರದಿ ಕೊಡುತ್ತಾರೆ. ಬ್ರಿಟನ್ನಿನಲ್ಲಿ ಸೋನೋಗ್ರಾಫರ್‌ಗಳು ಎಷ್ಟೋ ಕಡೆ ವರದಿಯನ್ನೂ ತಾವೇ ಬರೆಯುತ್ತಾರೆ. ಸ್ಕ್ಯಾನ್ ಅವರ ಕೈಯ ಕೆಲಸ, ಜವಾಬ್ದಾರಿಯೂ ಅವರದೇ. ಸಂಬಳ ಅದಕ್ಕೆ ತಕ್ಕಂತೆ.

ನಮ್ಮಲ್ಲಿ ಪ್ರೋಬ್ ವೈದ್ಯರ ಕೈಯಲ್ಲಿ

ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವುದು ವೈದ್ಯರ ಕೆಲಸ. ಇದು ರೂಢಿಯಷ್ಟೇ ಅಲ್ಲ, ಇದರ ಹಿಂದೆ ಕಾನೂನಿದೆ. ಪ್ರಸವಪೂರ್ವ ಲಿಂಗಪತ್ತೆ ತಡೆಯಲು ಸಂಸತ್ತು 1994ರಲ್ಲಿ ಕಾಯ್ದೆ ಮಾಡಿತು. ಅದು 1996ರ ಜನವರಿ 1ರಿಂದ ಜಾರಿಗೆ ಬಂತು. 2003ರಲ್ಲಿ ತಿದ್ದುಪಡಿಯಾಗಿ ಇನ್ನಷ್ಟು ಬಿಗಿಯಾಯಿತು. ಸ್ಕ್ಯಾನಿಂಗ್ ಸೆಂಟರ್ ಗೋಡೆಯ ಮೇಲೆ ‘ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ’ ಎಂಬ ಬೋರ್ಡ್ ನೀವೂ ನೋಡಿರುತ್ತೀರಿ. ಆ ಪಿಸಿಪಿಎನ್‌ಡಿಟಿ ಕಾಯ್ದೆಯೇ ಇದು.

ಇದರ ಪ್ರಕಾರ ಯಂತ್ರ ನೋಂದಣಿಯಾಗಬೇಕು, ಸೆಂಟರ್ ನೋಂದಣಿಯಾಗಬೇಕು, ಅಲ್ಲಿ ಸ್ಕ್ಯಾನ್ ಮಾಡುವವರಿಗೆ ನಿಗದಿತ ಅರ್ಹತೆ ಇರಬೇಕು. ಆ ಅರ್ಹತೆಯ ಮೊದಲ ಮೆಟ್ಟಿಲೇ ವೈದ್ಯಕೀಯ ಪದವಿ. ರೇಡಿಯಾಲಜಿಯಲ್ಲೋ ಸ್ತ್ರೀರೋಗ ವಿಭಾಗದಲ್ಲೋ ಸ್ನಾತಕೋತ್ತರ ಓದದ ಎಂಬಿಬಿಎಸ್ ವೈದ್ಯರೂ ನೇರವಾಗಿ ಗರ್ಭಿಣಿಯರ ಸ್ಕ್ಯಾನ್ ಮಾಡುವಂತಿಲ್ಲ. 2014ರ ನಿಯಮಗಳ ಪ್ರಕಾರ ಅವರಿಗೆ ಆರು ತಿಂಗಳ ತರಬೇತಿ ಬೇಕು. ಎಂಬಿಬಿಎಸ್ ಮಾಡಿದವರಿಗೇ ಹೀಗಿರುವಾಗ ಡಿಪ್ಲೊಮಾ, ಬಿ.ಎಸ್ಸಿ. ಮಾಡಿದ ನಮ್ಮ ಮಾತು ಹೇಳುವುದೇ ಬೇಡ.

‘ಗರ್ಭಿಣಿಯರನ್ನು ಬಿಡಿ, ಕಿಡ್ನಿ ಕಲ್ಲಿನ ಸ್ಕ್ಯಾನ್ ಆದರೂ ಟೆಕ್ನಿಷಿಯನ್ ಮಾಡಬಾರದಾ?’ ಎಂದು ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ತೊಡಕು ಎಲ್ಲಿದೆಯೆಂದರೆ, ಕಿಡ್ನಿ ಕಲ್ಲು ನೋಡುವ ಪ್ರೋಬ್ ಮತ್ತು ಹೊಟ್ಟೆಯಲ್ಲಿನ ಮಗುವನ್ನು ನೋಡುವ ಪ್ರೋಬ್ ಒಂದೇ. ಯಂತ್ರ ಒಂದೇ, ಕೋಣೆ ಒಂದೇ, ಪರದೆ ಒಂದೇ. ಬಾಗಿಲು ಹಾಕಿದ ಮೇಲೆ ಒಳಗೆ ಏನು ನೋಡಿದರು ಎಂಬುದಕ್ಕೆ ಸಾಕ್ಷಿಯಿರುವುದಿಲ್ಲ. ಅದಕ್ಕೇ ಕಾನೂನು ಯಂತ್ರದ ಮೇಲೂ ಅದನ್ನು ಮುಟ್ಟುವ ಕೈಯ ಮೇಲೂ ಕಣ್ಣಿಟ್ಟಿದೆ.

ಇಷ್ಟು ಬಿಗಿ ಯಾಕೆ ಬೇಕಾಯಿತು ಎಂಬುದಕ್ಕೆ ಜನಗಣತಿಯ ಅಂಕಿ ನೋಡಿ. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಪ್ರತಿ 1,000 ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಅದು 946ಕ್ಕೆ ಇಳಿಯಿತು. 2011ರಲ್ಲಿ 948. ಹಳೆಯ ಕಥೆ ಎಂದುಕೊಳ್ಳಬೇಡಿ. 2023ರ ಕೊನೆಯಲ್ಲಿ ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಜಾಲದಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಗೊತ್ತಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಅಲ್ಟ್ರಾಸೌಂಡ್ ಯಂತ್ರ! ಆ ಪ್ರಕರಣವನ್ನು ಸರ್ಕಾರ ಸಿಐಡಿಗೆ ಒಪ್ಪಿಸಿತು. ಬಂಧಿತರಲ್ಲಿ ವೈದ್ಯರಷ್ಟೇ ಅಲ್ಲ, ಲ್ಯಾಬ್ ಟೆಕ್ನಿಷಿಯನ್ ಕೂಡ ಇದ್ದರು. ನಮ್ಮ ವೃತ್ತಿಯಲ್ಲಿರುವವರು ಆ ಸುದ್ದಿಯನ್ನು ಎರಡು ಸಲ ಓದಬೇಕು.

ಹಾಗಾದರೆ ನಮ್ಮ ಕೆಲಸವೇನು?

ಬೆಳಿಗ್ಗೆ ಸೆಂಟರ್ ಬಾಗಿಲು ತೆಗೆಯುವ ಹೊತ್ತಿಗೆ ಕಂಪ್ಲಿ, ಸಂಡೂರು, ಕಮಲಾಪುರ ಕಡೆಯಿಂದ ಬಂದವರು ಕಟ್ಟೆಯ ಮೇಲೆ ಕೂತಿರುತ್ತಾರೆ. ವೈದ್ಯರ ಚೀಟಿ ನೋಡಿ ಹೆಸರು ಬರೆಯುವುದು, ಯಾರು ಖಾಲಿಹೊಟ್ಟೆಯಲ್ಲಿ ಬರಬೇಕಿತ್ತು, ಯಾರು ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು ಎಂದು ತಿಳಿಹೇಳುವುದು, ಒಳಗೆ ಮಲಗಿಸಿ ಜೆಲ್ ಹಚ್ಚಿ ಸಿದ್ಧ ಮಾಡುವುದು, ವೈದ್ಯರು ಹೇಳುವ ಅಳತೆಗಳನ್ನು ಬರೆದುಕೊಂಡು ವರದಿ ಟೈಪ್ ಮಾಡುವುದು, ಇವೆಲ್ಲ ನಮ್ಮವು. ಅದರ ನಡುವೆ ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್. ಅವನ್ನು ಮಾತ್ರ ನಾವೇ ಮಾಡುತ್ತೇವೆ. ನಿಜ ಹೇಳಬೇಕೆಂದರೆ ನಮ್ಮ ಓದಿಗೆ ಬೆಲೆ ಇರುವುದು ಅಲ್ಲೇ. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ., ಮ್ಯಾಮೊಗ್ರಫಿ ಯಂತ್ರಗಳ ಮುಂದೆ ಕೂರುವುದು ಇಮೇಜಿಂಗ್ ತಂತ್ರಜ್ಞರು. ಅಲ್ಟ್ರಾಸೌಂಡ್ ಕೋಣೆಯಲ್ಲಿ ನಾವು ಸಹಾಯಕರು.

ಇನ್ನೊಂದು ದೊಡ್ಡ ಕೆಲಸ ‘ಫಾರ್ಮ್ ಎಫ್’ ತುಂಬುವುದು. ಗರ್ಭಿಣಿಯ ಹೆಸರು, ವಯಸ್ಸು, ಈಗಾಗಲೇ ಇರುವ ಮಕ್ಕಳೆಷ್ಟು, ಅವರಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಕೊನೆಯ ಮುಟ್ಟಿನ ದಿನ, ಕಳಿಸಿದ ವೈದ್ಯರು ಯಾರು, ಸ್ಕ್ಯಾನ್ ಯಾಕೆ, ಎಲ್ಲವೂ ಅದರಲ್ಲಿರಬೇಕು. ಮಗುವಿನ ಲಿಂಗ ತಿಳಿಯುವ ಇಚ್ಛೆ ನನಗಿಲ್ಲ ಎಂದು ಆಕೆ, ನಾನು ಲಿಂಗ ಪತ್ತೆ ಮಾಡಿಲ್ಲ, ತಿಳಿಸಿಯೂ ಇಲ್ಲ ಎಂದು ವೈದ್ಯರು ಸಹಿ ಹಾಕಬೇಕು. ಈ ದಾಖಲೆಗಳನ್ನು ಎರಡು ವರ್ಷ ಕಾಪಾಡಬೇಕು. ಪ್ರತಿ ತಿಂಗಳ ವರದಿ ಮರುತಿಂಗಳ 5ನೇ ತಾರೀಖಿನೊಳಗೆ ಪ್ರಾಧಿಕಾರಕ್ಕೆ ಹೋಗಬೇಕು. ‘ಗುಮಾಸ್ತರ ಸಣ್ಣಪುಟ್ಟ ತಪ್ಪನ್ನು ಅಪರಾಧ ಮಾಡಬೇಡಿ’ ಎಂದು ಪ್ರಸೂತಿ ತಜ್ಞರ ಒಕ್ಕೂಟ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ದಾಖಲೆ ಸರಿಯಾಗಿ ಇಡದಿರುವುದನ್ನು ಬರಿಯ ಗುಮಾಸ್ತಿಕೆಯ ತಪ್ಪು ಎನ್ನಲಾಗದು ಎಂದು 2019ರ ಮೇ ತಿಂಗಳಲ್ಲಿ ಕೋರ್ಟ್ ಹೇಳಿತು. ಆ ಫಾರ್ಮ್ ತುಂಬುವ ಕೈ ನನ್ನದು.

ಕೋಣೆಯ ಹೊರಗೆ ನಡೆಯುವ ಮಾತುಗಳು ಯಾವ ಫಾರ್ಮಿನಲ್ಲೂ ಇರುವುದಿಲ್ಲ. ‘ಯವ್ವಾ, ನೀನೂ ಹೆಣ್ಮಗಳೇ ಇದ್ದೀ, ಒಂದು ಮಾತು ಹೇಳಬಾರದಾ’ ಎಂದು ಅತ್ತೆಯಂಥವರು ಕೈ ಹಿಡಿಯುತ್ತಾರೆ. ‘ಮೇಡಂ, ಪೇಢೆ ತರ್ಲೋ, ಜಿಲೇಬಿ ತರ್ಲೋ’ ಎಂದು ಗಂಡಂದಿರು ನಗುತ್ತ ಕೇಳುತ್ತಾರೆ. ಪೇಢೆ ಎಂದರೆ ಗಂಡು, ಜಿಲೇಬಿ ಎಂದರೆ ಹೆಣ್ಣು ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕೆಲವರು ಫೈಲಿನೊಳಗೆ 500ರ ನೋಟು ಇಟ್ಟು ಕೊಟ್ಟಿದ್ದೂ ಇದೆ. ಫೈಲು ಹಾಗೇ ವಾಪಸ್ ಕೊಡುತ್ತೇನೆ. ಒಂದು ಸಲ ನಾಲ್ಕನೇ ಬಸಿರಿನ ಹೆಣ್ಣುಮಗಳೊಬ್ಬಳು ಏನೂ ಕೇಳದೆ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಫಾರ್ಮಿನಲ್ಲಿ ‘ಹೆಣ್ಣು 3’ ಎಂದು ಆಗಷ್ಟೇ ಬರೆದಿದ್ದೆ. ಪರದೆಯ ಮೇಲೆ ವೈದ್ಯರು ಏನು ನೋಡಿದರೋ ನನಗೆ ಗೊತ್ತಿರಲಿಲ್ಲ, ಆದರೂ ಮುಖದಲ್ಲಿ ಏನೂ ತೋರಿಸದೆ ಇರುವುದನ್ನು ಅವತ್ತು ಕಲಿತೆ. ಇದಕ್ಕೂ ಸಂಬಳಪಟ್ಟಿಯಲ್ಲಿ ಕಾಲಂ ಇಲ್ಲ.

ಈಗ ಸಂಬಳದ ಮಾತು

ಮೊದಲು ನನ್ನದೇ ಲೆಕ್ಕ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ ಸೇರಿದಾಗ ನನ್ನ ಮೊದಲ ಸಂಬಳ ತಿಂಗಳಿಗೆ 12,000 ರೂಪಾಯಿ. ಅದರಲ್ಲಿ 4,200 ಶಿಕ್ಷಣ ಸಾಲದ ಕಂತು, ಬಸ್ಸಿನ ಖರ್ಚು ಬೇರೆ. ಈಗ ಸಿ.ಟಿ. ಕೆಲಸವೂ ಸೇರಿ 19,500 ಬರುತ್ತದೆ. ನನ್ನ ಜೊತೆ ಓದಿದ ಗೆಳತಿ ಬೆಂಗಳೂರಿನಲ್ಲಿ ಎಂ.ಆರ್.ಐ. ವಿಭಾಗದಲ್ಲಿದ್ದಾಳೆ. ಅವಳಿಗೆ 28,000. ಅದರಲ್ಲಿ 8,000 ಪಿ.ಜಿ.ಗೆ ಹೋಗುತ್ತದೆ. ಊರಲ್ಲಿದ್ದು ಉಳಿಸುವುದು, ಅಲ್ಲಿದ್ದು ಗಳಿಸುವುದು, ತಿಂಗಳ ಕೊನೆಗೆ ನಮ್ಮಿಬ್ಬರ ಕೈಯಲ್ಲಿ ಉಳಿಯುವುದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಅವಳಿಗೆ ಎಂ.ಆರ್.ಐ. ಕೈಗೆ ಹತ್ತಿದೆ. ಐದು ವರ್ಷದ ನಂತರ ವ್ಯತ್ಯಾಸ ಕಾಣುವುದು ಅಲ್ಲಿ.

ಸರ್ಕಾರಿ ಲೆಕ್ಕ ಬೇರೆ. ರೈಲ್ವೆಯ ಪ್ಯಾರಾಮೆಡಿಕಲ್ ನೇಮಕಾತಿಯಲ್ಲಿ ರೇಡಿಯೋಗ್ರಾಫರ್ ಹುದ್ದೆ ಐದನೇ ಹಂತದ್ದು. ಮೂಲವೇತನ 29,200 ರೂಪಾಯಿ. 2025ರ ಜನವರಿಯಿಂದ ಅನ್ವಯವಾದ ಶೇ 55ರ ತುಟ್ಟಿಭತ್ಯೆ ಸೇರಿಸಿದರೆ 45,260 ಆಗುತ್ತದೆ. ಸಣ್ಣ ಊರಿನ ಮನೆಬಾಡಿಗೆ ಭತ್ಯೆ ಶೇ 10 ಸೇರಿದರೆ 48,180. ಇಸಿಜಿ ತಂತ್ರಜ್ಞರದು ನಾಲ್ಕನೇ ಹಂತ, ಮೂಲವೇತನ 25,500. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ ಓದಿ ಎರಡು ವರ್ಷದ ರೇಡಿಯೋಗ್ರಫಿ ಡಿಪ್ಲೊಮಾ ಮಾಡಿದವರು ಅರ್ಹರು. ಹುಬ್ಬಳ್ಳಿಯ ರೈಲ್ವೆ ಕೇಂದ್ರ ಆಸ್ಪತ್ರೆಯಂಥ ಕಡೆ ಇಂಥ ಹುದ್ದೆಗಳಿರುತ್ತವೆ.

ರಾಜ್ಯ ಸರ್ಕಾರದಲ್ಲಿ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಕಾಯಂ ನೌಕರರ ಕನಿಷ್ಠ ಮೂಲವೇತನವೇ 27,000. ಅಂದರೆ ಕಾಯಂ ಹುದ್ದೆಯ ಅತಿ ಕೆಳಗಿನ ಮೆಟ್ಟಿಲು ಕೂಡ ನನ್ನ ಇವತ್ತಿನ ಸಂಬಳಕ್ಕಿಂತ ಮೇಲಿದೆ. ತೊಂದರೆ ಏನೆಂದರೆ ಕಾಯಂ ಹುದ್ದೆಗಳಿಗೆ ಅರ್ಜಿ ಕರೆಯುವುದು ಅಪರೂಪ. ನಡುವೆ ಗುತ್ತಿಗೆ ಕೆಲಸವೇ ಗತಿ.

ಈ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. ಬಳ್ಳಾರಿ, ವಿಜಯನಗರ ಜಿಲ್ಲೆಗಳು ಕಲ್ಯಾಣ ಕರ್ನಾಟಕಕ್ಕೆ ಸೇರಿವೆ. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಗ್ರೂಪ್ ಡಿ ಹುದ್ದೆಗಳಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟು ನಮಗಿವೆ. ಇದಕ್ಕೆ ಉಪವಿಭಾಗಾಧಿಕಾರಿ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ಅರ್ಜಿಯ ಕೊನೆಯ ದಿನ ಓಡಾಡುವ ಬದಲು ಪಿಯುಸಿ ಓದುವಾಗಲೇ ಮಾಡಿಸಿ ಇಟ್ಟುಕೊಳ್ಳಿ.

‘ನೀನೇ ನೋಡಿಬಿಡಮ್ಮ’

ಸಂಬಳ ಕಡಿಮೆ ಇದ್ದಾಗಲೇ ಅಡ್ಡದಾರಿ ಎದುರಾಗುವುದು. ನಾನು ಮೊದಲು ಸೇರಿದ ಸೆಂಟರ್‌ನಲ್ಲಿ ವೈದ್ಯರು ಎರಡು ಊರು ಸುತ್ತಿ ಬರುತ್ತಿದ್ದರು. ಅವರು ತಡವಾದಾಗ ಜನ ಎದ್ದು ಬೇರೆ ಕಡೆ ಹೋಗುತ್ತಿದ್ದರು. ಒಂದು ದಿನ ಮಾಲೀಕರು ಕರೆದು ಹೇಳಿದರು: ‘ಎಷ್ಟು ದಿನದಿಂದ ನೋಡಾಕತ್ತೀಯಲ್ಲಮ್ಮ, ನಿನಗೂ ಬರ್ತೈತಿ. ನೀನೇ ನೋಡಿಬಿಡು. ಸಂಜೆ ಡಾಕ್ಟರ್ ಬಂದು ಸಹಿ ಹಾಕ್ತಾರೆ. ತಿಂಗಳಿಗೆ ಐದು ಸಾವಿರ ಜಾಸ್ತಿ ಮಾಡ್ತೀನಿ.’

12,000ದ ಸಂಬಳಕ್ಕೆ 5,000 ಸೇರುವುದು ಸಣ್ಣ ಮಾತಲ್ಲ. ಅದಿರು ಲಾರಿ ಓಡಿಸುವ ಅಪ್ಪನ ಮೇಲೆ ನನ್ನ ಸಾಲದ ಕಂತಿನ ಭಾರ ಬೀಳುತ್ತಿರಲಿಲ್ಲ. ಆದರೂ ಆಗುವುದಿಲ್ಲ ಎಂದೆ. ಕಾಯ್ದೆಯ 23ನೇ ಸೆಕ್ಷನ್ ನನಗೆ ಕಾಲೇಜಿನಲ್ಲೇ ಬಾಯಿಪಾಠವಾಗಿತ್ತು. ಅದು ವೈದ್ಯರನ್ನು, ಮಾಲೀಕರನ್ನು ಮಾತ್ರ ಹಿಡಿಯುವುದಿಲ್ಲ. ಅಂಥ ಕೇಂದ್ರದಲ್ಲಿ ನೌಕರಿಯಲ್ಲಿದ್ದು ತಾಂತ್ರಿಕ ಸೇವೆ ಕೊಟ್ಟವರನ್ನೂ ಹಿಡಿಯುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ ಐದು ವರ್ಷ, 50,000. ಜಾಮೀನುರಹಿತ ಅಪರಾಧ. ಕೋರ್ಟಿನ ಹೊರಗೆ ರಾಜಿ ಮಾಡಿಕೊಳ್ಳಲೂ ಬರುವುದಿಲ್ಲ.

ಕಾನೂನಿನ ಭಯಕ್ಕಿಂತ ಇನ್ನೊಂದು ಭಯ ದೊಡ್ಡದಿತ್ತು. ಕೂತು ನೋಡುವುದಕ್ಕೂ ತಿಳಿದು ನೋಡುವುದಕ್ಕೂ ವ್ಯತ್ಯಾಸವಿದೆ. ಅಪೆಂಡಿಕ್ಸ್ ಊದಿರುವುದನ್ನೋ, ಗರ್ಭ ನಾಳದಲ್ಲೇ ನಿಂತಿರುವುದನ್ನೋ ನಾನು ಗುರುತಿಸದೆ ‘ನಾರ್ಮಲ್’ ಎಂದು ಟೈಪ್ ಮಾಡಿದರೆ ಆ ರೋಗಿ ಮನೆಗೆ ಹೋಗುತ್ತಾಳೆ. ಸಂಜೆ ಸಹಿ ಹಾಕುವ ವೈದ್ಯರಿಗೆ ರೋಗಿ ಕಾಣುವುದಿಲ್ಲ, ನಾನು ತೆಗೆದ ನಾಲ್ಕು ಚಿತ್ರ ಮಾತ್ರ ಕಾಣುತ್ತವೆ. ಎಕ್ಸ್‌ರೇಯಲ್ಲಿ ಇಡೀ ಎದೆ ಒಂದೇ ಫಿಲಂನಲ್ಲಿ ಬರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಹಾಗಲ್ಲ, ಪ್ರೋಬ್ ತಿರುಗಿಸಿದ ಕಡೆ ಇರುವುದಷ್ಟೇ ಕಾಣುತ್ತದೆ. ಕೈ ಹೋಗದ ಜಾಗದಲ್ಲಿ ರೋಗವಿದ್ದರೆ ಅದು ಚಿತ್ರದಲ್ಲಿ ಇರುವುದೇ ಇಲ್ಲ.

ಅದಾದ ಮೇಲೆ ನನಗೆ ಸಾಲಾಗಿ ರಾತ್ರಿ ಡ್ಯೂಟಿ ಬಿತ್ತು. ಎರಡು ತಿಂಗಳಿಗೆ ಬಿಟ್ಟೆ. ಒಂದೂವರೆ ತಿಂಗಳು ಕೆಲಸವಿಲ್ಲದೆ ಮನೆಯಲ್ಲಿದ್ದೆ. ಆ ಕಂತುಗಳನ್ನು ಅಪ್ಪನೇ ಕಟ್ಟಿದರು. ‘ಹೋದರೆ ಹೋಗಲಿ ಬಿಡವ್ವ’ ಎಂದಷ್ಟೇ ಅಂದರು. ಈ ಮಾತನ್ನು ಇಲ್ಲಿ ಬರೆಯುತ್ತಿರುವುದು, ಈ ಕ್ಷೇತ್ರಕ್ಕೆ ಬರುವ ಹುಡುಗ ಹುಡುಗಿಯರಿಗೆ ಇಂಥ ದಿನ ಬಂದೇ ಬರುತ್ತದೆ ಎಂಬ ಕಾರಣಕ್ಕೆ. ಆ ದಿನ ಏನು ಹೇಳಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರಿ. ಬೇಡ ಎನ್ನುವುದಕ್ಕೆ ಎರಡು ತಿಂಗಳ ಸಂಬಳದಷ್ಟು ಹಣ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು.

ಪ್ರೋಬ್ ಹಿಡಿಯಲೇಬೇಕು ಎನ್ನುವವರಿಗೆ

ಅಲ್ಟ್ರಾಸೌಂಡ್ ಮೇಲೆ ನಿಜವಾದ ಆಸೆಯಿರುವವರಿಗೆ ನಮ್ಮಲ್ಲೂ ಒಂದು ದಾರಿಯಿದೆ. ಅದು ಎಕೋ. ಹೃದಯದ ಕವಾಟ, ಕೋಣೆಗಳು, ರಕ್ತದ ಹರಿವನ್ನು ಅದೇ ಶಬ್ದದ ಅಲೆಗಳಿಂದ ನೋಡುವ ಪರೀಕ್ಷೆ. ದೊಡ್ಡ ಹೃದ್ರೋಗ ಆಸ್ಪತ್ರೆಗಳಲ್ಲಿ ಹೃದ್ರೋಗ ತಜ್ಞರ ಮೇಲುಸ್ತುವಾರಿಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಎಕೋ ಮಾಡುತ್ತಾರೆ. ಇದಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಎಂಬ ಪ್ರತ್ಯೇಕ ಕೋರ್ಸ್ ಇದೆ. ಇಸಿಜಿ, ಟ್ರೆಡ್‌ಮಿಲ್, ಎಕೋ, ಕ್ಯಾಥ್‌ಲ್ಯಾಬ್ ಎಲ್ಲ ಅದರಲ್ಲಿ ಬರುತ್ತವೆ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಈ ಕೈಗಳಿಗೆ ಕೆಲಸವಿದೆ. ‘ಅಲ್ಟ್ರಾಸೌಂಡ್ ಟೆಕ್ನಿಷಿಯನ್’ ಎಂಬ ಮಾತು ನಮ್ಮಲ್ಲಿ ನಿಜಕ್ಕೆ ಹತ್ತಿರ ಬರುವುದು ಇಲ್ಲಿ ಮಾತ್ರ.

ಇನ್ನೊಂದು ದಾರಿ ಆಸ್ಪತ್ರೆಯ ಹೊರಗಿದೆ. ವೈದ್ಯಕೀಯ ಅಲ್ಟ್ರಾಸೌಂಡ್‌ನ ಮೂಲವೇ ಕಬ್ಬಿಣ. ಗ್ಲಾಸ್ಗೊದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ ಬಾಯ್ಲರ್ ಕಾರ್ಖಾನೆಯೊಂದರಲ್ಲಿ ಲೋಹದ ಬಿರುಕು ಹುಡುಕುವ ಯಂತ್ರದಿಂದಲೇ ಗಡ್ಡೆಗಳನ್ನು ಪರೀಕ್ಷಿಸಿ ನೋಡಿದರು. 1958ರಲ್ಲಿ ಅವರೂ ಅವರ ಜೊತೆಗಾರರೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಈ ವಿದ್ಯೆ ಜಗತ್ತಿಗೆ ಗೊತ್ತಾಯಿತು. ಬಿರುಕು ಹುಡುಕುವ ಆ ಹಳೆಯ ಕೆಲಸ ಈಗಲೂ ನಡೆಯುತ್ತಿದೆ. ಉಕ್ಕಿನ ಕಾರ್ಖಾನೆಗಳಲ್ಲಿ, ರೈಲು ಹಳಿಗಳಲ್ಲಿ ಒಳಗಿನ ಬಿರುಕನ್ನು ಇದೇ ಅಲೆಗಳಿಂದ ಪತ್ತೆ ಮಾಡುತ್ತಾರೆ. ತೋರಣಗಲ್ಲಿನಂಥ ಉಕ್ಕಿನ ಊರು ಪಕ್ಕದಲ್ಲೇ ಇರುವ ನಮ್ಮ ಐಟಿಐ, ಡಿಪ್ಲೊಮಾ ಹುಡುಗರು ಅಲ್ಟ್ರಾಸಾನಿಕ್ ಟೆಸ್ಟಿಂಗ್ ಪ್ರಮಾಣಪತ್ರದ ಬಗ್ಗೆ ವಿಚಾರಿಸುವುದು ಒಳ್ಳೆಯದು. ಅಲ್ಲಿ ಪ್ರೋಬ್ ಹಿಡಿಯಲು ವೈದ್ಯರಾಗಬೇಕಿಲ್ಲ.

ಆರು ತಿಂಗಳ ಕೋರ್ಸ್ ಬೋರ್ಡ್ ಕಂಡರೆ

‘ಆರು ತಿಂಗಳಲ್ಲಿ ಸ್ಕ್ಯಾನಿಂಗ್ ಟೆಕ್ನಿಷಿಯನ್ ಆಗಿ, ಶೇ 100 ಉದ್ಯೋಗ’ ಎಂಬ ಬ್ಯಾನರ್‌ಗಳು ನಮ್ಮ ಕಡೆ ಬಸ್ ನಿಲ್ದಾಣಗಳ ಸುತ್ತ ಕಾಣಿಸುತ್ತವೆ. ದುಡ್ಡು ಕಟ್ಟುವ ಮೊದಲು ಒಂದು ಅಂಕಿ ನೆನಪಿಟ್ಟುಕೊಳ್ಳಿ: 2,000 ಗಂಟೆ. ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯ್ದೆ ಪ್ರಕಾರ ಈ ಕ್ಷೇತ್ರದ ವೃತ್ತಿಪರ ಎನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷದಲ್ಲಿ ಹರಡಿದ ಕನಿಷ್ಠ 2,000 ಗಂಟೆಯ ಡಿಪ್ಲೊಮಾ ಅಥವಾ ಪದವಿ ಬೇಕು. ಆರು ತಿಂಗಳಲ್ಲಿ ಅದು ಸಾಧ್ಯವಿಲ್ಲ. ಆ ಹಾಳೆಯಿಂದ ಸರ್ಕಾರಿ ಅರ್ಜಿ ಹಾಕಲಾಗದು. ಸ್ಕ್ಯಾನ್ ಮಾಡಲಂತೂ ಆಗದು.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇಷ್ಟು. ಡಿಪ್ಲೊಮಾ ಆದರೆ ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯ ಮಾನ್ಯತೆ ಇದೆಯೇ? ಪದವಿ ಆದರೆ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ? ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಅಲ್ಲಿ ಸಿ.ಟಿ., ಎಂ.ಆರ್.ಐ. ಯಂತ್ರಗಳು ನಿಜಕ್ಕೂ ಕೆಲಸ ಮಾಡುತ್ತಿವೆಯೇ? ಬಳ್ಳಾರಿಯಲ್ಲಿ ನಾವು ಇಂದಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜಿನಂಥ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ದಿನ ಬರುವಷ್ಟು ಕೇಸ್ ಸಣ್ಣ ಕಾಲೇಜಿನಲ್ಲಿ ವಾರಕ್ಕೂ ಬರುವುದಿಲ್ಲ. ಕೈ ಪಳಗುವುದು ಕೇಸ್‌ಗಳಿಂದ, ಕಟ್ಟಡದಿಂದಲ್ಲ.

ಕೆಲಸಕ್ಕೆ ಸೇರುವಾಗಲೂ ಸಂಬಳದ ಅಂಕಿ ಒಂದನ್ನೇ ಕೇಳಬೇಡಿ. ನೇಮಕಾತಿ ಪತ್ರ ಕೊಡುತ್ತಾರಾ? ಪಿ.ಎಫ್. ಇದೆಯಾ? 21,000ವರೆಗಿನ ಸಂಬಳಕ್ಕೆ ಇಎಸ್‌ಐ ಅನ್ವಯವಾಗುತ್ತದೆ, ಅದನ್ನು ಕಟ್ಟುತ್ತಾರಾ? ಎಕ್ಸ್‌ರೇ, ಸಿ.ಟಿ. ಕೋಣೆಯಲ್ಲಿ ಕೆಲಸವಾದರೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕೊಡುತ್ತಾರಾ? ಈ ಬ್ಯಾಡ್ಜ್ ಅಂಗಿಗೆ ಸಿಕ್ಕಿಸಿಕೊಳ್ಳುವ ಅಲಂಕಾರವಲ್ಲ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿಯಂತೆ ವಿಕಿರಣದ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಬ್ಯಾಡ್ಜ್ ಇಲ್ಲದಿದ್ದರೆ ಎಷ್ಟು ತಾಗಿತು ಎಂಬ ಲೆಕ್ಕವೇ ಇರುವುದಿಲ್ಲ. ಬ್ಯಾಡ್ಜ್ ಕೊಡದ ಕಡೆ ಎರಡು ಸಾವಿರ ಹೆಚ್ಚು ಕೊಟ್ಟರೂ ಅದು ಹೆಚ್ಚಿನ ಸಂಬಳವಲ್ಲ.

ಮುಂದೆ ಬದಲಾಗಬಹುದೇ?

2021ರ ಅದೇ ಕಾಯ್ದೆಯ ವೃತ್ತಿಗಳ ಪಟ್ಟಿಯಲ್ಲಿ ರೇಡಿಯಾಲಜಿ ತಂತ್ರಜ್ಞರ ಜೊತೆ ‘ಡಯಾಗ್ನೋಸ್ಟಿಕ್ ಮೆಡಿಕಲ್ ಸೋನೋಗ್ರಾಫರ್’ ಎಂಬ ಹೆಸರೂ ಇದೆ. ಹೆಸರು ಪಟ್ಟಿಗೆ ಬಂದಿದೆ, ಪ್ರೋಬ್ ಕೈಗೆ ಬಂದಿಲ್ಲ. ವೈದ್ಯರಿಗಾಗಿ ರೋಗಿಗಳು ಬೆಳಿಗ್ಗೆಯಿಂದ ಕಾಯುವುದನ್ನು ದಿನವೂ ನೋಡುವ ನನಗೆ, ಚೆನ್ನಾಗಿ ತರಬೇತಿ ಪಡೆದ ತಂತ್ರಜ್ಞರಿಗೆ ಥೈರಾಯ್ಡ್, ಕಿಡ್ನಿ, ರಕ್ತನಾಳದಂಥ ಸ್ಕ್ಯಾನ್‌ಗಳನ್ನು ವೈದ್ಯರ ಮೇಲುಸ್ತುವಾರಿಯಲ್ಲಿ ಒಪ್ಪಿಸಬಹುದು ಎಂದು ಅನ್ನಿಸುತ್ತದೆ. ಆದರೆ ಫೈಲಿನೊಳಗಿನ 500ರ ನೋಟನ್ನೂ ನೋಡಿದ್ದೇನೆ. 12,000 ಸಂಬಳದ ಕೈಗೆ ಆ ಯಂತ್ರ ಒಪ್ಪಿಸಿ ಬಾಗಿಲು ಹಾಕಿದರೆ ಏನಾಗಬಹುದು ಎಂಬ ಕಾನೂನಿನ ಅನುಮಾನ ಸುಳ್ಳಲ್ಲ. ಹಕ್ಕು ಕೊಡುವ ದಿನ ಬಂದರೆ ಅದರ ಜೊತೆಗೆ ಸರಿಯಾದ ಓದು, ಪರೀಕ್ಷೆ, ನೋಂದಣಿ, ಮರ್ಯಾದೆಯ ಸಂಬಳ ನಾಲ್ಕೂ ಬರಬೇಕು. ಅಮೆರಿಕದ ಆ 70 ಲಕ್ಷದ ಹಿಂದೆ ಇರುವುದೂ ಈ ನಾಲ್ಕೇ.

ಅಲ್ಲಿಯವರೆಗೆ ನನ್ನನ್ನು ಕೇಳುವ ತಮ್ಮ ತಂಗಿಯರಿಗೆ ನಾನು ಹೇಳುವುದು ಇಷ್ಟು. ಸ್ಕ್ಯಾನಿಂಗ್ ಟೆಕ್ನಿಷಿಯನ್ ಆಗುತ್ತೇನೆ ಎಂದುಕೊಂಡು ಈ ಕೋರ್ಸ್‌ಗೆ ಬರಬೇಡಿ. ಇಮೇಜಿಂಗ್ ತಂತ್ರಜ್ಞರಾಗಲು ಬನ್ನಿ, ಸಿ.ಟಿ., ಎಂ.ಆರ್.ಐ. ಕಲಿಯಿರಿ, ಇಲ್ಲವೇ ಕಾರ್ಡಿಯಾಕ್ ಓದಿ ಎಕೋ ಹಿಡಿಯಿರಿ. ಮೊದಲ ಎರಡು ಮೂರು ವರ್ಷ 12ರಿಂದ 20 ಸಾವಿರದೊಳಗೆ ಬದುಕಬೇಕಾಗಬಹುದು ಎಂದು ಮನೆಯಲ್ಲಿ ಈಗಲೇ ಹೇಳಿ, ಸಾಲ ಅದಕ್ಕೆ ತಕ್ಕಷ್ಟೇ ಮಾಡಿ. ರೈಲ್ವೆ, ರಾಜ್ಯ ಸರ್ಕಾರದ ಅರ್ಜಿಗಳ ಮೇಲೆ ಕಣ್ಣಿಡಿ. ನಾನೂ ಓದುತ್ತಿದ್ದೇನೆ. ಮುಂದಿನ ಸಲ ರೇಡಿಯೋಗ್ರಾಫರ್ ಹುದ್ದೆಗೆ ಅರ್ಜಿ ಕರೆದಾಗ ಆ ಸಾಲಿನಲ್ಲಿ ನಾನೂ ಇರುತ್ತೇನೆ, ಸಿಕ್ಕರೆ ಮಾತಾಡಿಸಿ.